ಗ್ರೀಕ್ ದೆವ್ವದ ರ‍್ಯಾಕ್ ಇರೋ ಬಾಡಿಗೆ ಪುಸ್ತಕದ ಅಂಗಡಿ: ಹೋಗಿ, ಆದ್ರೆ ಕೊನೇ ಪುಟ ಇದ್ಯಾ ನೋಡ್ಕೊಂಡು ತಗೊಳ್ಳಿ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಕಟ್ ಆಗಿರೋ ಒಂದು ಸ್ಟಾರು ಹದಿನಾರು ಪುಟದ ಲೆಕ್ಕಕ್ಕೆ ಹೋಗಿದ್ದು, ಆ ಕಥೆ ಕೆಳಗಡೆ ಬರುತ್ತೆ. ಅಂಗಡಿ ಹೆಸರು ಹಾಕ್ತಿಲ್ಲ, ಅಂಕಲ್ಲೇ ಬೇಡ ಅಂದ್ರು, "ಹಾಕ್ಬೇಡ ಕಣಪ್ಪ, ಫೋಟೋ ಹೊಡ್ಕೊಳ್ಳೋಕೆ ಬರ್ತಾರೆ, ಪುಸ್ತಕ ಮುಟ್ಟಲ್ಲ" ಅಂತ. ಮೈಸೂರಲ್ಲೇ ಇದೆ, ಒಂದು ಕಾರು ನಿಲ್ಲಿಸೋ ಗ್ಯಾರೇಜಲ್ಲಿ, ಬೋರ್ಡು ಬಿಸಿಲಿಗೆ ಮಾಸಿ ಅಕ್ಷರ ಎಲ್ಲಾ ಹೋಗಿದೆ, ಒಳಗೆ ಹೋದ್ರೆ ಹಳೇ ಕಾಗದ, ನುಸಿಗುಳಿಗೆ, ಊದುಬತ್ತಿ ಮೂರೂ ಸೇರಿದ ಒಂದು ವಾಸನೆ ಬರುತ್ತಲ್ಲ, ಅದು.

ಅಲ್ಲಿ ಎಂಜಿನಿಯರಿಂಗ್ ಗೈಡು, ವಾರಪತ್ರಿಕೆ ಬೈಂಡು, ಅಡುಗೆ ಪುಸ್ತಕ ಎಲ್ಲಾ ದಾಟಿ ಹಿಂದುಗಡೆ ಹೋದ್ರೆ ಒಂದು ಕಬ್ಬಿಣದ ರ‍್ಯಾಕ್ ಇದೆ. ಕೆಳಗಿನ ಸಾಲಲ್ಲಿ ಕನ್ನಡದ ದೆವ್ವದ ಕಾದಂಬರಿಗಳು, ಮೇಲಿನ ಎರಡು ಸಾಲು ಪೂರ್ತಿ ಇಂಗ್ಲಿಷ್ ಹಾರರ್, ಅದರಲ್ಲೂ ಬರೀ ಗ್ರೀಕ್ ಪುರಾಣ ಇಟ್ಕೊಂಡು ಬರೆದಿರೋವು. ಯಾರೋ ಫಾರಿನ್‌ಗೆ ಹೋಗೋವಾಗ ಮನೆ ಖಾಲಿ ಮಾಡಿ ಎರಡು ರಟ್ಟಿನ ಡಬ್ಬ ತುಂಬ ಕೊಟ್ಟು ಹೋದ್ರಂತೆ. ಅಂಕಲ್ ತೂಕಕ್ಕೆ ಹಾಕೋ ಮುಂಚೆ ಒಂದು ಓದೋಣ ಅಂತ ಶುರು ಮಾಡಿ ಪೂರ್ತಿ ಮುಗಿಸಿದಾರೆ. ಹಿಂದೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಅದು ಅವರನ್ನ ಬಿಟ್ಟಿಲ್ಲ.

ರೇಟು: ಡೆಪಾಸಿಟ್ 500, ಪುಸ್ತಕದ ಹಿಂದೆ ಇರೋ ಬೆಲೆಯ ಹತ್ತು ಪರ್ಸೆಂಟ್ ವಾರಕ್ಕೆ ಬಾಡಿಗೆ, ಲೇಟಾದ್ರೆ ದಿನಕ್ಕೆ 5 ರೂಪಾಯಿ. ಆಪು ಗೀಪು ಏನಿಲ್ಲ, ಉದ್ದನೆ ರಿಜಿಸ್ಟರಲ್ಲಿ ಬರ್ಕೊತಾರೆ, ಫೋನ್‌ಪೇ ಮಾಡಿದ್ರೆ ಮಗಳ ನಂಬರಿಗೆ ಹೋಗುತ್ತೆ, ಅವ್ರು ಫೋನ್ ಎತ್ತಿ "ಬಂತು" ಅನ್ನೋವರೆಗೂ ಪುಸ್ತಕ ಕೈಗೆ ಕೊಡಲ್ಲ.

ಇದಿಷ್ಟೇ ಆಗಿದ್ರೆ ರಿವ್ಯೂ ಬರೀತಿರ್ಲಿಲ್ಲ. ಇಲ್ಲಿ ಸ್ಪೆಷಲ್ ಅಂದ್ರೆ ಪ್ರತಿ ಗ್ರೀಕ್ ಹಾರರ್ ಪುಸ್ತಕದ ಮೊದಲ ಹಾಳೆಗೆ ಅಂಕಲ್ ಒಂದು ಚೀಟಿ ಅಂಟಿಸಿರ್ತಾರೆ, ಪೆನ್ಸಿಲಲ್ಲಿ ಕನ್ನಡದಲ್ಲಿ, ಈ ಕಥೆಯ ಬೇರು ಎಲ್ಲಿದೆ ಅಂತ. ನಾನು ಮೊದ್ಲು ತಗೊಂಡಿದ್ದು ಲಾಮಿಯಾ ಮೇಲೆ ಬರೆದಿರೋ ಒಂದು ಕಾದಂಬರಿ, ಫ್ಲಾಟಲ್ಲಿ ಒಬ್ಬಂಟಿ ಹೆಂಗಸು, ಬಿಲ್ಡಿಂಗಲ್ಲಿ ಮಕ್ಕಳು ಒಬ್ಬೊಬ್ಬರೇ ಕಾಣೆ ಆಗೋದು. ಚೀಟೀಲಿ ಹೀಗಿತ್ತು: "ಲಾಮಿಯಾ. ಲಿಬಿಯಾದ ರಾಣಿ ಅಂತ ಒಂದು ಕಥೆ. ದೇವತೆಗಳ ರಾಜ ಜ್ಯೂಸ್ ಮೋಹಿಸಿದ, ಅವನ ಹೆಂಡತಿ ಹೀರಾ ಹೊಟ್ಟೆಕಿಚ್ಚಿಗೆ ಇವಳ ಮಕ್ಕಳನ್ನ ಕೊಂದಳು, ಆಮೇಲೆ ಇವಳು ಊರವರ ಮಕ್ಕಳನ್ನ ತಿನ್ನೋಕೆ ಶುರು ಮಾಡಿದಳು. ಪ್ಲೂಟಾರ್ಕ್ ಅನ್ನೋ ಹಳೇ ಗ್ರೀಕ್ ಲೇಖಕ ಹೇಳೋ ಪ್ರಕಾರ ಮನೇಲಿ ಮಲಗೋವಾಗ ಕಣ್ಣು ಕಿತ್ತು ಪಾತ್ರೇಲಿ ಇಡ್ತಾಳೆ, ಹೊರಗೆ ಹೋಗೋವಾಗ ಹಾಕ್ಕೋತಾಳೆ. 140ನೇ ಪುಟದಲ್ಲಿ ಸ್ಟೀಲ್ ಡಬ್ಬ ಬರುತ್ತೆ, ಗಮನ ಇರಲಿ."

ನಿಜವಾಗ್ಲೂ 140ನೇ ಪುಟದಲ್ಲಿ ಅಡುಗೆಮನೆ ಶೆಲ್ಫ್ ಮೇಲೆ ಮುಚ್ಚಳ ಹಾಕಿದ ಒಂದು ಸ್ಟೀಲ್ ಡಬ್ಬ ಅಂತ ಒಂದೇ ಒಂದು ಸಾಲು ಇದೆ, ಲೇಖಕ ಅದರ ಬಗ್ಗೆ ಮತ್ತೆ ಮಾತೇ ಎತ್ತಲ್ಲ. ಚೀಟಿ ಓದದೇ ಇದ್ದಿದ್ರೆ ನಾನು ಸಕ್ಕರೆ ಡಬ್ಬ ಅನ್ಕೊಂಡು ಮುಂದೆ ಹೋಗ್ತಿದ್ದೆ. ಓದಿದ್ದಕ್ಕೆ ಆವತ್ತು ರಾತ್ರಿ ನಮ್ಮನೆ ಶೆಲ್ಫಲ್ಲಿ ಸಾಲಾಗಿರೋ ಡಬ್ಬಗಳನ್ನ ನೋಡೋಕೆ ಆಗ್ಲಿಲ್ಲ, ಹೆಂಡತಿ ಕಾಫಿಪುಡಿ ತಗೊಂಡು ಬಾ ಅಂದ್ರೆ ನೀನೇ ತಗೋ ಅಂದೆ.

ಎರಡನೇ ಪುಸ್ತಕ ವೇಸ್ಟ್. ಹಾವಿನ ಕೂದಲಿನ ಮೆಡುಸಾ, ಪಾತಾಳದ ದೊರೆ ಹೇಡಿಸ್, ಮೂರು ತಲೆ ನಾಯಿ ಎಲ್ಲಾ ಒಂದೇ ಬುಕ್ಕಲ್ಲಿ, ಹೀರೋ ಕೈಯಲ್ಲಿ ಗನ್ನು, ಇಪ್ಪತ್ತು ಪುಟಕ್ಕೊಂದು ಕಡೆ ಕತ್ತಲೆಯಿಂದ ಏನೋ ಹಾರಿ ಬರೋದು. ಜಾತ್ರೇಲಿ ಭೂತಬಂಗ್ಲೆ ಅಂತ ಟೆಂಟ್ ಹಾಕಿರ್ತಾರಲ್ಲ, ಅದಕ್ಕಿಂತ ಹೆಚ್ಚೇನಿಲ್ಲ. ಅದರ ಚೀಟೀಲಿ ಅಂಕಲ್ ಬರೆದಿದ್ದು ಒಂದೇ ಪದ, "ಬೇಡ". ಆದ್ರೂ ತಗೊಂಡೆ, ಕವರ್ ಚೆನ್ನಾಗಿತ್ತು. ವಾಪಸ್ ಕೊಡೋವಾಗ ಮುಖ ನೋಡಿ ನಕ್ಕರು, ಬಾಡಿಗೆ ಮಾತ್ರ ಬಿಡ್ಲಿಲ್ಲ.

ಆವತ್ತು ಅಂಗಡೀಲಿ ಬೇರೆ ಯಾರೂ ಇರ್ಲಿಲ್ಲ, ಅರ್ಧ ಗಂಟೆ ಮಾತಾಡಿದ್ವಿ. ಅವರ ವಾದ ಏನಪ್ಪಾ ಅಂದ್ರೆ, ಗ್ರೀಕರ ದೆವ್ವದಲ್ಲಿ ಭಯ ಇರೋದು ಕೋರೆಹಲ್ಲಲ್ಲಿ ಅಲ್ಲ, ಲೆಕ್ಕಾಚಾರದಲ್ಲಿ. ಸತ್ತವರಿಗೆ ಇದಿದು ಸಲ್ಲಬೇಕು, ಈ ದಿನ ಸಲ್ಲಬೇಕು, ತಪ್ಪಿದ್ರೆ ಬರ್ತಾರೆ. ಅಥೆನ್ಸಲ್ಲಿ ಅಂಥೆಸ್ಟೀರಿಯಾ ಅಂತ ಮೂರು ದಿನದ ಹಬ್ಬ ಇತ್ತಂತೆ, ಸತ್ತವರು ಊರೊಳಗೆ ಓಡಾಡೋ ಹೊತ್ತು ಅದು, ಜನ ಬಾಗಿಲಿಗೆ ಟಾರು ಬಳಿದು, ಒಂಥರಾ ಮುಳ್ಳುಗಿಡದ ಎಲೆ ಅಗೀತಾ ಇರೋರು ದೆವ್ವ ಒಳಗೆ ಬರ್ದೇ ಇರ್ಲಿ ಅಂತ, ಕೊನೇ ದಿನ ಮಡಕೇಲಿ ಕಾಳು ಬೇಯಿಸಿ ಪಾತಾಳದ ಹರ್ಮೀಸ್ ಅನ್ನೋ ದೇವರಿಗೆ ಇಟ್ಟು "ಹೊರಡಿ, ಹಬ್ಬ ಮುಗೀತು" ಅಂತ ಸತ್ತವರನ್ನ ಕಳಿಸೋರು. ನಾನಂದೆ, ಸಾರ್ ನಾವು "ನಾಳೆ ಬಾ" ಅಂತ ಬಾಗಿಲ ಮೇಲೆ ಬರೀತಿದ್ವಲ್ಲ. ಅಂಕಲ್ ಅಂದ್ರು, ಅವರು ಟಾರು ಬಳಿದ್ರು, ನಾವು ಸೀಮೆಸುಣ್ಣದಲ್ಲಿ ಮುಗಿಸಿದ್ವಿ.

ಹೆಕಟಿ ಅಂತ ಒಬ್ಬ ದೇವತೆ ಇದಾಳೆ, ಮೂರು ದಾರಿ ಸೇರೋ ಕಡೆ ಅವಳ ಜಾಗ, ಅಮಾವಾಸ್ಯೆ ಹೊತ್ತಿಗೆ ಅಲ್ಲಿ ಊಟ ಇಟ್ಟು ಬರೋರು, ನಾಯಿ ಬೊಗಳಿದ್ರೆ ಅವಳು ಬಂದಳು ಅಂತ ಲೆಕ್ಕ. ಇದನ್ನ ಕೇಳಿ ಆಚೆ ಬರ್ತೀನಿ, ಅಂಗಡಿ ಪಕ್ಕದ ತಿರುವಲ್ಲೇ ಕುಂಕುಮ ತುಂಬಿದ ಕುಂಬಳಕಾಯಿ ಒಡೆದು ಬಿದ್ದಿದೆ, ನಿಂಬೆಹಣ್ಣು ಬೇರೆ. ಬೈಕ್ ಸೈಡಿಗೆ ತಗೊಂಡೆ. ಆಮೇಲೆ ಎರಿನಿಯೆಸ್, ರಕ್ತಸಂಬಂಧದಲ್ಲಿ ಕೊಲೆ ಮಾಡಿದವನ ಬೆನ್ನು ಹತ್ತೋ ಹೆಣ್ಣುಗಳು, ಅವರನ್ನ ಆ ಹೆಸರಲ್ಲಿ ಕರೆಯೋಕೇ ಹೆದರಿ ಯುಮೆನಿಡೀಸ್ ಅನ್ನೋರು, ಅಂದ್ರೆ ದಯೆ ಇರೋರು ಅಂತ. ನಮ್ಮಲ್ಲಿ ರಾತ್ರಿ ಹೊತ್ತು ಹಾವಿಗೆ ಹುಳ ಅನ್ನಲ್ವಾ, ಮೈಮೇಲೆ ಸೀತಾಳೆ ಸಿಡುಬು ಎದ್ರೆ ಅಮ್ಮ ಬಂದಿದೆ ಅನ್ನಲ್ವಾ, ಹಂಗೆ. ಕ್ರಿ.ಪೂ. 458ರಲ್ಲಿ ಈಸ್ಕಿಲಸ್ ಅನ್ನೋ ನಾಟಕಕಾರ ಈ ಹೆಣ್ಣುಗಳನ್ನ ಸ್ಟೇಜ್ ಮೇಲೆ ತಂದಾಗ ಮಕ್ಕಳು ಮೂರ್ಛೆ ಹೋದ್ರು, ಬಸುರಿಯರಿಗೆ ಗರ್ಭ ಇಳೀತು ಅಂತ ಹಳೇ ಕಾಲದವರು ಬರೆದಿಟ್ಟಿದಾರೆ. ಅಷ್ಟು ನಿಜಾನೋ ಏನೋ, ಇವತ್ತಿನ ಯಾವ ಪಿಚ್ಚರ್ರಿಗೂ ಆ ಪಬ್ಲಿಸಿಟಿ ಸಿಗಲ್ಲ ಬಿಡಿ.

ಇದೆಲ್ಲಾ ಕನ್ನಡದಲ್ಲಿ ಯಾಕ್ ಸಾರ್ ಬರಲ್ಲ ಅಂತ ಕೇಳಿದ್ದೇ ತಪ್ಪಾಯ್ತು. ಮೇಷ್ಟ್ರು ಎದ್ದು ನಿಂತ್ರು. ಬಿ.ಎಂ.ಶ್ರೀ ಆಗಲೇ ತಂದಿದಾರಪ್ಪಾ, ಈಸ್ಕಿಲಸ್‌ನ ನಾಟಕವನ್ನ 'ಪಾರಸಿಕರು' ಅಂತ ಮಾಡಿದಾರೆ, ಅದರಲ್ಲಿ ಯುದ್ಧ ಸೋತ ಸುದ್ದಿ ಕೇಳಿದ ಪರ್ಷಿಯಾದ ರಾಣಿ ಹಾಲು, ಜೇನು, ನೀರು, ವೈನು ಎಲ್ಲಾ ಗೋರಿಗೆ ಎರೆದು ಸತ್ತ ಗಂಡ ದಾರಿಯಸ್‌ನ ಎಬ್ಬಿಸ್ತಾಳೆ, ಕ್ರಿ.ಪೂ. 472ರ ನಾಟಕ, ಸ್ಟೇಜ್ ಮೇಲೆ ದೆವ್ವ ಬರೋದು ನೋಡ್ಬೇಕು ಅಂದ್ರೆ ಅಲ್ಲಿಂದ ಶುರು ಮಾಡು ಅಂದ್ರು. "ಬಿ ಅಂದ್ರೆ ಬೆಳ್ಳೂರು, ನಿಮ್ಮ ಮಂಡ್ಯ ಕಡೆದೇ, ನಾಗಮಂಗಲ ತಾಲ್ಲೂಕು, ಗೊತ್ತಾ?" ಗೊತ್ತಿರ್ಲಿಲ್ಲ. ಗೊತ್ತು ಅಂದೆ.

ಆವಾಗ ಕೊಟ್ಟಿದ್ದೇ ಮೂರನೇ ಪುಸ್ತಕ, ಜೊತೆಗೆ ಬಾಡಿಗೆ ಇಲ್ದೆ ಗ್ರೀಕ್ ಕವಿ ಹೋಮರನ ಒಡಿಸ್ಸಿ ಕಾವ್ಯದ ಒಂದು ಹಳೇ ಗದ್ಯಾನುವಾದ, "ಹನ್ನೊಂದನೇ ಕಾಂಡ ಮೊದ್ಲು ಓದು, ಆಮೇಲೆ ಕಾದಂಬರಿ" ಅಂತ ಆರ್ಡರ್. ಮಹಾಲಯ ಅಮಾವಾಸ್ಯೆಗೆ ಊರಿಗೆ ಹೊರಟಿದ್ದೆ, ಮಂಡ್ಯ ಹತ್ರದ ಹಳ್ಳಿ, ಪ್ಯಾಸೆಂಜರ್ ಟ್ರೈನಲ್ಲಿ ಕಿಟಕಿ ಸೀಟು ಸಿಕ್ತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ಬಂದಾಗ ಎದುರಿಗಿದ್ದ ಹೆಂಗಸು ಮಗೂ ಕೈಗೆ ಒಂದು ರೂಪಾಯಿ ಕೊಟ್ಟು ಹೊಳೆಗೆ ಹಾಕ್ಸಿ ಕೈ ಮುಗಿಸಿದ್ರು, ನಾನಾವಾಗ ಓದ್ತಿದ್ದಿದ್ದು ಕಾದಂಬರಿ ಮೇಲಿದ್ದ ಅಂಕಲ್ ಚೀಟಿ: "ಕೇರನ್, ಸತ್ತವರನ್ನ ಹೊಳೆ ದಾಟಿಸೋ ಅಂಬಿಗ. ಹೆಣದ ಬಾಯಲ್ಲಿ ಒಂದು ಒಬೊಲ್ ನಾಣ್ಯ ಇಡಬೇಕು. ಆರು ಒಬೊಲ್‌ಗೆ ಒಂದು ಡ್ರಾಕ್ಮಾ. ಅರಿಸ್ಟೊಫೇನೀಸ್‌ನ ಹಾಸ್ಯನಾಟಕದಲ್ಲಿ ಮಾತ್ರ ಎರಡು ಒಬೊಲ್ ಕೇಳ್ತಾನೆ." ನಮ್ಮ ತಾತ ಹೋದಾಗ ಹಣೆಗೆ ಒಂದು ರೂಪಾಯಿ ಅಂಟಿಸಿದ್ರು. ಅವರ ಬೂದಿ ಬಿಟ್ಟಿದ್ದು ಪಶ್ಚಿಮವಾಹಿನೀಲಿ, ಅದೇ ಹೊಳೆ. ಪುಸ್ತಕ ಮುಚ್ಚಿ ಇಟ್ಟೆ, ಮಂಡ್ಯ ಬರೋವರೆಗೂ ತೆಗೀಲಿಲ್ಲ.

ಮನೇಲಿ ಎಡೆ ಇಡೋ ಕೆಲಸ ನಡೀತಿತ್ತು. ನಮ್ಮ ಕಡೆ ಹೆಂಗೆ ಅಂದ್ರೆ ನಡುಮನೇಲಿ ಬಾಳೆಎಲೆ ಹಾಸಿ, ಮುದ್ದೆ, ಕೋಳಿ ಸಾರು, ಅನ್ನ, ಕಜ್ಜಾಯ, ವಡೆ, ಪಕ್ಕದಲ್ಲಿ ಹೊಸ ಪಂಚೆ, ತಾತನ ಬ್ರಾಂಡ್ ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಕ್ವಾರ್ಟರು, ಎಲ್ಲಾ ಜೋಡಿಸಿ ಸಾಂಬ್ರಾಣಿ ಹಾಕಿ, ಬಾಗಿಲು ಎಳ್ಕೊಂಡು ಎಲ್ರೂ ಜಗುಲೀಗೆ ಬಂದು ಕೂರೋದು, ಒಳಗೆ ಅವರು ಬಂದು ಉಂಡು ಹೋಗ್ಲಿ ಅಂತ. ಯಾರೂ ಜೋರಾಗಿ ಮಾತಾಡಲ್ಲ. ಆ ಹತ್ತು ಹದಿನೈದು ನಿಮಿಷದಲ್ಲಿ ನಾನು ಮೊಬೈಲ್ ಟಾರ್ಚಲ್ಲಿ ಹನ್ನೊಂದನೇ ಕಾಂಡ ಓದ್ತಾ ಇದ್ದೆ, ಅಜ್ಜಿ ಪಕ್ಕ ಕೂತು ಅದೇನ್ಲಾ ಓದ್ತಿದೀಯ ಅಂದ್ಲು, ಹೇಳಿದೆ.

ಒಡಿಸಿಯಸ್ ಅಂತ ಒಬ್ಬ ರಾಜ, ಸತ್ತವರ ಲೋಕದ ಅಂಚಿಗೆ ಹೋಗಿ ಕತ್ತೀಲಿ ಒಂದು ಮೊಳ ಉದ್ದ ಒಂದು ಮೊಳ ಅಗಲ ಗುಂಡಿ ತೋಡ್ತಾನೆ, ಸುತ್ತ ಹಾಲು ಜೇನು, ಆಮೇಲೆ ವೈನು, ಆಮೇಲೆ ನೀರು ಎರೆದು, ಜವೆ ಹಿಟ್ಟು ಉದುರಿಸಿ, ಟಗರು ಕರಿ ಕುರಿ ಕುಯ್ದು ರಕ್ತ ಗುಂಡೀಗೆ ಬಿಡ್ತಾನೆ. ಸತ್ತವರೆಲ್ಲ ಗುಂಪು ಗುಂಪಾಗಿ ಬರ್ತಾರೆ. ರಕ್ತ ಕುಡಿದ್ರೆ ಮಾತ್ರ ಅವರಿಗೆ ಗುರುತು ಸಿಗೋದು, ಮಾತು ಬರೋದು. ಅಜ್ಜಿ ತಲೆ ಆಡಿಸ್ತಾ ಕೇಳ್ತಿದ್ಲು. ಎಲ್ಪೆನರ್ ಅನ್ನೋ ಹುಡುಗ ಮೊದ್ಲು ಬರ್ತಾನೆ, ಕುಡಿದು ತಾರಸಿ ಮೇಲೆ ಮಲಗಿ ಇಳಿಯೋವಾಗ ಬಿದ್ದು ಕತ್ತು ಮುರ್ಕೊಂಡವನು, ಮಣ್ಣು ಮಾಡ್ದೆ ಬಿಟ್ಟು ಬಂದಿರ್ತಾರೆ, ನನ್ನ ಸುಟ್ಟು ಗುಡ್ಡೆ ಹಾಕಿ ಮೇಲೆ ದೋಣಿ ಹುಟ್ಟು ನೆಡಿ ಅಂತ ಬೇಡ್ಕೊತಾನೆ ಅಂದೆ. "ನಮ್ಮೂರಲ್ಲೂ ಹಂಗೊಬ್ಬ ಇದ್ದ ಕನಾ" ಅಂದ್ಲು.

ಆಮೇಲೆ ಅವನ ತಾಯಿ ಬರ್ತಾಳೆ. ಇವನು ಯುದ್ಧಕ್ಕೆ ಹೋಗೋವಾಗ ಬದುಕಿದ್ದೋಳು, ಮಗನ ಕೊರಗಲ್ಲೇ ಸತ್ತಿದಾಳೆ, ಇವನಿಗೆ ಗೊತ್ತೇ ಇಲ್ಲ. ಅಳು ಬರುತ್ತೆ, ಆದ್ರೂ ಕತ್ತಿ ಹಿಡ್ಕೊಂಡು ಅವಳನ್ನ ತಡೀತಾನೆ, ಮೊದಲು ಟೈರೀಸಿಯಸ್ ಅನ್ನೋ ಭವಿಷ್ಯ ಹೇಳೋನು ಕುಡೀಬೇಕು ಅಂತ.

ಅಜ್ಜಿ ಕೈಯಲ್ಲಿದ್ದ ಎಲೆಅಡಿಕೆ ಕೆಳಗಿಟ್ಲು. "ಹೆತ್ತವ್ವುಂಗೆ ಕತ್ತಿ ತೋರುಸ್ದುನಾ? ಯಾವ್ ಸೀಮೆ ಮಗ್ನಲಾ ಅವ್ನು. ಹಸ್ಕೊಂಡ್ ಬಂದೋಳ್ಗೆ ವಸಿ ಇಕ್ಕೋದ್ ಬುಟ್ಟು."

ಆಮೇಲೆ ಕೊಡ್ತಾನೆ ಅಜ್ಜಿ, ಕುಡಿದ ಮೇಲೆ ಗುರುತು ಹಿಡೀತಾಳೆ, ಮೂರು ಸಲ ತಬ್ಬೋಕೆ ಹೋಗ್ತಾನೆ, ಮೂರು ಸಲಾನೂ ನೆರಳು ಥರ ಕೈಯಿಂದ ಜಾರಿ ಹೋಗ್ತಾಳೆ ಅಂದೆ. ಅಜ್ಜಿ ಏನೂ ಅನ್ಲಿಲ್ಲ, ಎದ್ದು ಹೋಗಿ ಬಾಗಿಲು ಮೂರು ಸಲ ತಟ್ಟಿ ತೆಗೆದ್ಲು. ಎಲೆ ಹಂಗೇ ಇತ್ತು. ಕ್ವಾರ್ಟರ್ ಮಾತ್ರ ಚಿಕ್ಕಪ್ಪ ಆಮೇಲೆ ತೀರಿಸಿದ್ರು.

ಈಗ ಕಾದಂಬರಿ. ಹೆಸರು ಹೇಳಿದ್ರೆ ಕಥೆ ಹೊರಗೆ ಬೀಳುತ್ತೆ, ಬೇಕಾದವರು ಅಂಗಡೀಲಿ "ಸತ್ತ ಮದುಮಗಳ ಪುಸ್ತಕ" ಅಂತ ಕೇಳಿ, ಅಂಕಲ್‌ಗೆ ಗೊತ್ತಾಗುತ್ತೆ. ಒಂದು ಹೋಂಸ್ಟೇ, ಓನರ್ ಮಗಳು ಸತ್ತು ಆರು ತಿಂಗಳಾಗಿದೆ, ಬಂದ ಗೆಸ್ಟ್ ರೂಮಿಗೆ ರಾತ್ರಿ ಒಬ್ಬಳು ಹುಡುಗಿ ಬರ್ತಾಳೆ. ಅಷ್ಟೇ. ಯಾರೂ ಕಿರುಚಲ್ಲ, ರಕ್ತ ಇಲ್ಲ, ಅವಳು ಬಂದು ಕೂತು ಊಟ ಮಾಡ್ತಾಳೆ, ನಗ್ತಾಳೆ, ಬೆಳಗಿನ ಜಾವ ಹೋಗ್ತಾಳೆ. ಓದೋ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಅಪ್ಪ ಅಮ್ಮ ಪಕ್ಕದ ರೂಮಲ್ಲೇ ಮಲಗಿದಾರೆ. ಎರಡು ಸಾವಿರದ ಐನೂರು ವರ್ಷದ ರಾಕ್ಷಸರನ್ನೆಲ್ಲಾ ಮೆರವಣಿಗೆ ಮಾಡಿಸಿದ ಆ ಎರಡನೇ ಬುಕ್ಕಿಗಿಂತ ಇದರಲ್ಲಿ ಬಾಗಿಲ ಹತ್ರ ಬಿಟ್ಟಿರೋ ಒಂದು ಜೊತೆ ಚಪ್ಪಲಿ ಜಾಸ್ತಿ ಹೆದರಿಸುತ್ತೆ. ರಾತ್ರಿ ಒಂಬತ್ತೂವರೆ, ಮಳೆ, ಕರೆಂಟ್ ಹೋಯ್ತು, ಮೊಬೈಲ್ ಬೆಳಕಲ್ಲೇ ಓದ್ತಿದೀನಿ, ಕೆಲಸದವಳು ಬಾಗಿಲ ಸಂದಿಯಿಂದ ಇಣುಕಿ ನೋಡ್ತಾಳೆ, ದೀಪದ ಬೆಳಕಲ್ಲಿ ಸತ್ತ ಹುಡುಗಿ ಕೂತಿದಾಳೆ, ಓಡಿಹೋಗಿ ಅಮ್ಮನ್ನ ಎಬ್ಬಿಸ್ತಾಳೆ, ಪುಟ ತಿರುಗಿಸಿದ್ರೆ ಹಿಂದಿನ ರಟ್ಟು.

ಹದಿನಾರು ಪುಟ ಇಲ್ಲ. ಹರಿದಿದ್ದಲ್ಲ, ಒಂದು ಫಾರಂ ಪೂರ್ತಿ ಹೊಲಿಗೆ ಬಿಟ್ಟು ಉದುರಿ ಹೋಗಿದೆ. ಸಿಟ್ಟಲ್ಲಿ ಅಂಕಲ್‌ಗೆ ಫೋನ್ ಮಾಡಿದೆ. ಅವರು ಮಲಗಿದ್ರು ಅನ್ಸುತ್ತೆ, ಆದ್ರೂ "ಅಯ್ಯೋ ಹೌದಾ, ಇರು, ಕೊನೆ ನಾನು ಹೇಳ್ತೀನಿ" ಅಂದ್ರು. ಸ್ಪೀಕರ್‌ಗೆ ಹಾಕಿದೆ, ಅಜ್ಜಿ ಕತ್ತಲಲ್ಲಿ ಎದ್ದು ಕೂತ್ಲು.

ಅಮ್ಮ ಮೊದ್ಲು ನಂಬಲ್ಲ. ಬೆಳಿಗ್ಗೆ ಗೆಸ್ಟನ್ನ ಕೇಳಿದ್ರೆ ಅವನು ಹುಡುಗಿ ಬಿಟ್ಟುಹೋದ ಚಿನ್ನದ ಉಂಗುರ, ಎದೆಕಟ್ಟು ತೋರಿಸ್ತಾನೆ, ಮಗಳದೇ. ರಾತ್ರಿ ಬಂದಾಗ ಅಪ್ಪ ಅಮ್ಮ ನುಗ್ಗಿ ಬರ್ತಾರೆ. ಅವಳು ತಿರುಗಿ ಹೇಳ್ತಾಳೆ, ನಮ್ಮಪ್ಪನ ಮನೇಲಿ ಯಾರಿಗೂ ತೊಂದ್ರೆ ಕೊಡ್ದೆ ಮೂರು ದಿನ ಇರೋದನ್ನೂ ನೀವು ಸಹಿಸ್ಲಿಲ್ಲ, ಈಗ ಮತ್ತೆ ಅಳಿ. ಅಲ್ಲೇ ಬಿದ್ದು ಹೆಣ ಆಗ್ತಾಳೆ. ಊರಿಗೆ ಊರೇ ಸೇರಿ ಗೋರಿ ತೆಗೆದ್ರೆ ಒಳಗೆ ಬೇರೆಯವರ ಮೂಳೆ ಎಲ್ಲಾ ಇದೆ, ಅವಳ ಜಾಗ ಖಾಲಿ, ಅಲ್ಲಿ ಆ ಗೆಸ್ಟು ಕೊಟ್ಟಿದ್ದ ಕಬ್ಬಿಣದ ಉಂಗುರ, ಚಿನ್ನದ ನೀರು ಕುಡಿಸಿದ ಒಂದು ಬಟ್ಟಲು.

ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಹಂಚಿನ ಮೇಲೆ ಮಳೆ ಸದ್ದು ಅಷ್ಟೇ. ಆಮೇಲೆ ಅಜ್ಜಿ ಫೋನ್ ಕಡೆ ಬಗ್ಗಿ, "ಸ್ವಾಮಿ, ಆಮ್ಯಾಕೆ ಆ ಮಗೀಗೆ ಎಡೆ ಗಿಡೆ ಇಕ್ಕುದ್ರಾ ಇಲ್ವಾ?" ಅಂದ್ಲು. ಅಂಕಲ್ ತಡವರಿಸಿದ್ರು, "ಅದು... ನೋಡಿ ಹೇಳ್ತೀನಿ ಅಜ್ಜಿ" ಅಂದ್ರು, ಅಷ್ಟರಲ್ಲಿ ನನ್ನ ಮೊಬೈಲ್ ಆಫ್ ಆಯ್ತು.

ವಾರ ಆದ್ಮೇಲೆ ಜಗಳ ಆಡೋ ಮೂಡಲ್ಲೇ ಅಂಗಡಿಗೆ ಹೋದೆ, ಬಾಡಿಗೆ ವಾಪಸ್ ಕೊಡಿ ಅಂತ. ಕೊಡ್ಲಿಲ್ಲ. "ನೀನು ತಗೊಳ್ಳೋವಾಗ ನೋಡ್ಬೇಕಿತ್ತು" ಅಂತ ನನಗೇ ಪಾಠ ಮಾಡಿದ್ರು, ಇದಕ್ಕೇ ಸ್ಟಾರ್ ಕಟ್. ಆಮೇಲೆ ಡ್ರಾಯರಿಂದ ಹದಿನಾರು ಪುಟದ ಜೆರಾಕ್ಸ್ ತೆಗೆದ್ರು, ಯಾರ ಹತ್ರಾನೋ ಇನ್ನೊಂದು ಕಾಪಿ ಹುಡುಕಿಸಿ ಮಾಡ್ಸಿದಾರೆ. ಅಲ್ಲೇ ನಿಂತು ಓದಿದೆ. ಅಂಕಲ್ ಫೋನಲ್ಲಿ ಹೇಳಿದ ಕೊನೆ ಅದರಲ್ಲಿ ಇಲ್ವೇ ಇಲ್ಲ! ಇದರಲ್ಲಿ ಹುಡುಗಿ ಕಣ್ಣು ಕೆಂಪಗಾಗುತ್ತೆ, ಉಗುರು ಬೆಳೆಯುತ್ತೆ, ಗೆಸ್ಟು ಪೆಟ್ರೋಲ್ ಸುರಿದು ಮನೆ ಸುಡ್ತಾನೆ. ಛೆ. ಇನ್ನೂರು ಪುಟ ಚಪ್ಪಲಿ ಇಟ್ಕೊಂಡು ಹೆದರಿಸಿದ ಮನುಷ್ಯ ಕೊನೇಲಿ ಪೆಟ್ರೋಲ್ ಬಂಕಿಗೆ ಯಾಕೆ ಓಡಿದ್ನೋ. ಅಂಕಲ್ ಹೇಳಿದ್ದು ಮೂಲ ಕಥೆ, ರೋಮಿನ ಹೇಡ್ರಿಯನ್ ಚಕ್ರವರ್ತಿ ಹತ್ರ ಇದ್ದ ಫ್ಲೆಗಾನ್ ಅನ್ನೋನು ಕ್ರಿ.ಶ. ಎರಡನೇ ಶತಮಾನದಲ್ಲಿ ಬರೆದಿಟ್ಟಿದ್ದು, ಹುಡುಗಿ ಹೆಸರು ಫಿಲಿನಿಯನ್, 1797ರಲ್ಲಿ ಜರ್ಮನ್ ಕವಿ ಗಯಟೆ ಇದರ ಮೇಲೇ ಒಂದು ಪದ್ಯ ಬರೆದಿದಾನೆ. ನಮಗೆ ಸಿಕ್ಕಿರೋ ಫ್ಲೆಗಾನ್‌ನ ಹಸ್ತಪ್ರತೀಲಿ ಈ ಕಥೆಯ ಶುರುವಿನ ಭಾಗವೇ ಇಲ್ವಂತೆ, ಕೆಲಸದವಳು ಬಾಗಿಲಿಂದ ಇಣುಕೋ ಜಾಗದಿಂದಲೇ ಶುರು. "ಮೂಲದಲ್ಲೇ ಮೊದಲ ಪುಟ ಕಳೆದುಹೋಗಿದೆ, ನೀನು ಕೊನೇ ಪುಟಕ್ಕೆ ಇಷ್ಟು ಗಲಾಟೆ ಮಾಡ್ತೀಯಲ್ಲಪ್ಪ" ಅಂದ್ರು. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಹೋಗೋರಿಗೆ ಎರಡು ಮಾತು. ಮಂಗಳವಾರ ರಜ, ಮಧ್ಯಾಹ್ನ ಒಂದರಿಂದ ನಾಲ್ಕು ಶಟರ್ ಅರ್ಧ ಇಳಿದಿರುತ್ತೆ, ಬಗ್ಗಿ ಒಳಗೆ ಹೋಗ್ಬೇಡಿ, ಬೈತಾರೆ. ಎಂಪ್ಯೂಸಾ ಮೇಲಿರೋ ಸಣ್ಣ ಕಥೆಗಳ ಬುಕ್ ಬಂದ್ರೆ ತಗೊಳ್ಳಿ, ಒಂದು ಕಾಲು ಕಂಚಿಂದು ಇನ್ನೊಂದು ಸಗಣೀದು ಅಂತ ಅರಿಸ್ಟೊಫೇನೀಸ್ ತಮಾಷೆ ಮಾಡಿದ ದೆವ್ವ ಅದು, ನಾನಿನ್ನೂ ಓದಿಲ್ಲ, ಅಂಕಲ್ ಚೀಟೀಲಿ "ಪರವಾಗಿಲ್ಲ" ಅಂತಿದೆ, ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು. ಸೀಸದ ತಗಡಲ್ಲಿ ಶಾಪ ಬರೆದು ಅಕಾಲಕ್ಕೆ ಸತ್ತವರ ಗೋರೀಲಿ ಹಾಕೋದ್ರ ಮೇಲೂ ಒಂದು ಕಾದಂಬರಿ ಇತ್ತು, ನಮ್ಮ ಮಾಟದ ತಗಡಿನ ಥರಾನೇ, ಅದನ್ನ ಯಾರೋ ತಗೊಂಡು ಹೋಗಿ ನಾಲ್ಕು ತಿಂಗಳಾಯ್ತಂತೆ, ಓದ್ತಿರೋರು ನೀವೇ ಆಗಿದ್ರೆ ದಯವಿಟ್ಟು ವಾಪಸ್ ಕೊಡಿ.

ಜೆರಾಕ್ಸ್ ಜೊತೆ ಇನ್ನೊಂದು ಚೀಟಿ ಇತ್ತು, ಮಡಚಿ ಮೇಲೆ "ಅಜ್ಜಿಗೆ" ಅಂತ ಬರೆದಿತ್ತು. ಬಸ್ ಸ್ಟಾಪಲ್ಲಿ ನಿಂತು ಊರಿಗೆ ಫೋನ್ ಮಾಡಿ ಓದಿ ಹೇಳಿದೆ: "ಹಿಲ್ಲಸ್ ಅನ್ನೋ ಕಣಿ ಹೇಳೋನು ಎದ್ದು ನಿಂತು, ಹುಡುಗೀನ ಊರ ಗಡಿ ಆಚೆ ಸುಡಬೇಕು, ಪಾತಾಳದ ಹರ್ಮೀಸ್‌ಗೂ ಯುಮೆನಿಡೀಸ್‌ಗೂ ಪೂಜೆ ಸಲ್ಲಿಸಬೇಕು ಅಂದ. ಊರವರು ಹಂಗೇ ಮಾಡಿದ್ರು."

"ಎಡೆ?" ಅಂದ್ಲು ಅಜ್ಜಿ.

ಪೂಜೆ ಅಂತ ಇದೆ ಅಜ್ಜಿ, ಎಡೆ ಅಂತ ಬರ್ದಿಲ್ಲ ಅಂದೆ.

"ಮುಂದ್ಲೊರ್ಸ ಒಂದೆಲೆ ಜಾಸ್ತಿ ಹಾಕನ ಬುಡು" ಅಂದು ಫೋನ್ ಇಟ್ಲು.